ಸ್ಟಾಕಿಂಗಿನ ಸಿಂಬಿ

"ಬಟ್ಟೆ ಅಲ್ಲ ಡಕ್, ಸ್ಟಾಕಿಂಗು. ನಮ್ಮಮ್ಮಂದು."

ಇಷ್ಟೇ ಮಾತು. ಹೋದ ಚಳಿಗಾಲದ ಒಂದು ಶನಿವಾರ ಕೇಳಿದ್ದು. ಇನ್ನೂ ತಲೆಯಿಂದ ಇಳಿದಿಲ್ಲ. ಹೇಳಿದವರು ಎಂಬತ್ತು ದಾಟಿದ ಒಬ್ಬ ಅಜ್ಜ. ಹೇಳಿದ್ದು ವೇದಿಕೆಯಿಂದಲ್ಲ, ಎರಡನೇ ಸಾಲಿನ ಕುರ್ಚಿಯಿಂದ. ವೇದಿಕೆ ಅಂತ ಅಲ್ಲಿ ಏನೂ ಇರಲೂ ಇಲ್ಲ ಬಿಡಿ. ಒಂದು ಪರದೆ, ಒಂದು ಪ್ರೊಜೆಕ್ಟರ್, ಮೂವತ್ತು ಕುರ್ಚಿ, ಅದರಲ್ಲಿ ಮುಕ್ಕಾಲು ಪಾಲು ಬಿಳಿ ತಲೆಗಳು. ಇಂಗ್ಲೆಂಡಿನ ಸ್ಟೋಕ್ ಆನ್ ಟ್ರೆಂಟ್ ಊರಿನ ಲಾಂಗ್ಟನ್ ಬಡಾವಣೆಯಲ್ಲಿ ಗ್ಲ್ಯಾಡ್‌ಸ್ಟನ್ ಪಾಟರಿ ಮ್ಯೂಸಿಯಂ ಅಂತ ಇದೆ. ಅಲ್ಲಿ ಊರಿನ ಹಳೇ ಕೆಲಸಗಾರರ ಬಗ್ಗೆ ಒಂದು ಮಾತು ಇತ್ತು. ನಾನು ಒಳಗೆ ಹೋಗಿದ್ದು ಇತಿಹಾಸದ ಮೇಲಿನ ಪ್ರೀತಿಯಿಂದ ಅಂತ ಹೇಳಿಕೊಳ್ಳಬಹುದಿತ್ತು. ನಿಜ ಏನೆಂದರೆ ಹೊರಗೆ ಮಳೆ ಜಾಸ್ತಿ ಇತ್ತು.

ಈ ಊರಿಗೆ ಬಂದು ಆರು ವರ್ಷ. ಇಲ್ಲಿಯವರು ಎಲ್ಲರನ್ನೂ 'ಡಕ್' ಅಂತ ಕರೆಯುತ್ತಾರೆ. ಬಸ್ ಡ್ರೈವರು, ಔಷಧಿ ಅಂಗಡಿಯವಳು, ಪಕ್ಕದ ಮನೆ ಅಜ್ಜಿ, ಎಲ್ಲರ ಬಾಯಲ್ಲೂ ಅದೇ. ಮೊದಲ ವಾರ ಬಾತುಕೋಳಿ ಅಂತ ಯಾಕೆ ಕರೀತಾರಪ್ಪ ಅಂತ ಮುಖ ಊದಿಸಿಕೊಂಡಿದ್ದೆ. ಆಮೇಲೆ ಗೊತ್ತಾಯಿತು, ನಮ್ಮೂರಲ್ಲಿ ಗೊತ್ತಿಲ್ಲದವರನ್ನೂ ಅಣ್ಣ, ಅಕ್ಕ, ಮಾವ ಅನ್ನೋ ಹಾಗೆ ಇದೂ ಒಂದು. ತಿಂಡಿ ವಿಷಯಕ್ಕೂ ಊರು ಪರವಾಗಿಲ್ಲ. ಓಟ್‌ಕೇಕ್ ಅಂತ ಮಾಡುತ್ತಾರೆ. ಹೆಸರು ಕೇಕು, ರೂಪ ಪೂರ್ತಿ ದೋಸೆ. ಓಟ್ಸ್ ಹಿಟ್ಟಿಗೆ ಯೀಸ್ಟ್ ಹಾಕಿ ಉಬ್ಬಿಸಿ, ಕಾದ ಕಾವಲಿ ಮೇಲೆ ಹುಯ್ದು ತಿರುವಿ ಹಾಕುತ್ತಾರೆ. ಚೀಸ್ ಬದಲು ಚಟ್ನಿ ಪುಡಿ ಹಾಕಿಕೊಂಡರೆ ಭಾನುವಾರದ ಬೆಳಗು ದಾಟುತ್ತದೆ.

ಬಾಟಲಿ ಆವಿಗೆ

ಸ್ಟೋಕ್ ಅಂದರೆ ಒಂದು ಊರಲ್ಲ, ಆರು. ಟನ್‌ಸ್ಟಲ್, ಬರ್ಸ್ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್ಟನ್. 1910ರಲ್ಲಿ ಒಂದೇ ಆಡಳಿತಕ್ಕೆ ಸೇರಿದವು, 1925ರಲ್ಲಿ ನಗರ ಅನ್ನಿಸಿಕೊಂಡವು. ಆದರೆ ಇವತ್ತಿಗೂ ಲಾಂಗ್ಟನ್ನಿನವರಿಗೆ ಬರ್ಸ್ಲೆಮ್ ಬೇರೆ ದೇಶವೇ. ಈ ಆರೂ ಊರಿನ ಕಸುಬು ಒಂದೇ, ಪಿಂಗಾಣಿ. ತಟ್ಟೆ, ಬಟ್ಟಲು, ಕೆಟಲು, ನೆಲದ ಹಂಚು, ಕೊನೆಗೆ ಕಕ್ಕಸಿನ ಕಮೋಡೂ. (ಮ್ಯೂಸಿಯಮ್ಮಿನಲ್ಲಿ ಕಮೋಡಿನ ಚರಿತ್ರೆಗೇ ಒಂದು ವಿಭಾಗ ಇದೆ. ನನ್ನ ಮಗನ ಪ್ರಕಾರ ನೋಡಬೇಕಾದ್ದು ಅದೊಂದೇ.) ತಮಾಷೆ ಅಂದರೆ ಬಿಳಿ ಪಿಂಗಾಣಿಗೆ ಬೇಕಾದ ಬಿಳಿ ಮಣ್ಣು ಇಲ್ಲಿಯದಲ್ಲ. ಅದು ದೂರದ ಕಾರ್ನ್‌ವಾಲಿನಿಂದ ಹಡಗಿನಲ್ಲಿ ಬರಬೇಕಿತ್ತು, ಆಮೇಲೆ ಕಾಲುವೆಯ ದೋಣಿಯಲ್ಲಿ. ಆ ಕಾಲುವೆಗೆ 1766ರಲ್ಲಿ ಮೊದಲ ಗುದ್ದಲಿ ಹಾಕಿದ್ದು ಬರ್ಸ್ಲೆಮ್ಮಿನ ಪಿಂಗಾಣಿ ಕಾರ್ಖಾನೆಯ ಒಡೆಯ ಜೋಸಾಯ ವೆಜ್‌ವುಡ್, ಪೂರ್ತಿ ಮುಗಿದಿದ್ದು 1777ರಲ್ಲಿ. ಮಣ್ಣೇ ಕಲ್ಲಿದ್ದಲನ್ನು ಹುಡುಕಿಕೊಂಡು ಬಂತು ಅನ್ನಿ. ಒಂದು ಗಾಡಿ ಮಣ್ಣು ಸುಡೋಕೆ ಹಲವು ಗಾಡಿ ಕಲ್ಲಿದ್ದಲು ಬೇಕಲ್ಲ, ಅದು ಇಲ್ಲಿ ಕಾಲಡಿಯಲ್ಲೇ ಇತ್ತು.

ಬೋನ್ ಚೈನಾ ಅನ್ನೋ ಹೆಸರಿನ ಅರ್ಥ ನನಗೆ ತಿಳಿದಿದ್ದೂ ಇಲ್ಲಿಗೆ ಬಂದ ಮೇಲೆಯೇ. ಅದರಲ್ಲಿ ಹೆಚ್ಚು ಕಡಿಮೆ ಅರ್ಧ ಪಾಲು ದನದ ಎಲುಬಿನ ಬೂದಿ. ನಮ್ಮ ಅಜ್ಜಿಗೆ ಇದು ಗೊತ್ತಿದ್ದರೆ ಶೋಕೇಸಿನ ಕಪ್ಪು ಸಾಸರು ಅವತ್ತೇ ತಿಪ್ಪೆ ಸೇರುತ್ತಿದ್ದವು.

ಸುಡುತ್ತಿದ್ದಿದ್ದು ಬಾಟಲ್ ಅವನ್‌ಗಳಲ್ಲಿ. ನಾನು ಮನಸ್ಸಿನಲ್ಲಿ ಬಾಟಲಿ ಆವಿಗೆ ಅಂತಲೇ ಕರೆಯುತ್ತೇನೆ. ಸಣ್ಣ ಕತ್ತು, ದಪ್ಪ ಹೊಟ್ಟೆ, ಮೂರು ಮಹಡಿಗಿಂತ ಎತ್ತರ, ಮೈಯೆಲ್ಲ ಇಟ್ಟಿಗೆ. ಹೊರಗೆ ಕಾಣೋ ಬಾಟಲಿ ಬರೀ ಹೊಗೆಗೂಡು. ನಿಜವಾದ ಒಲೆ ಅದರೊಳಗೆ ಗುಮ್ಮಟದ ಹಾಗೆ ಕೂತಿರುತ್ತದೆ. ಸುತ್ತಲೂ ಬೆಂಕಿಬಾಯಿಗಳು. ಹಸಿ ತಟ್ಟೆಗಳನ್ನು ಹಾಗೇ ಇಟ್ಟರೆ ಹೊಗೆ ಕುಡಿದು ಕಪ್ಪಾಗುತ್ತವೆ. ಅದಕ್ಕೇ ಒರಟು ಮಣ್ಣಿನ ದೊಡ್ಡ ಡಬ್ಬಗಳಲ್ಲಿ ತುಂಬಿ, ಡಬ್ಬದ ಮೇಲೆ ಡಬ್ಬ ಪೇರಿಸಿ, ಬಾಗಿಲಿಗೆ ಇಟ್ಟಿಗೆ ಕಟ್ಟಿ ಮುಚ್ಚಿ, ಎರಡು ಮೂರು ದಿನ ಸುಡಬೇಕು. ಒಂದು ಸಲಕ್ಕೆ ಹತ್ತಾರು ಟನ್ ಕಲ್ಲಿದ್ದಲು. ಬೆಂಕಿ ನೋಡಿಕೊಳ್ಳುವವನು ಅಷ್ಟೂ ಹೊತ್ತು ಅಲ್ಲೇ, ನಿದ್ದೆ ಅಂದರೆ ಕುರ್ಚಿಯಲ್ಲಿ ಕೂತು ತೂಗಿದ್ದು ಅಷ್ಟೇ. ಆ ಡಬ್ಬಕ್ಕೆ ಸ್ಯಾಗರ್ ಅಂತ ಹೆಸರು. ಅದರ ತಳಕ್ಕೆ ಬೇಕಾದ ಮಣ್ಣನ್ನು ಕಬ್ಬಿಣದ ಬಳೆಯೊಳಗೆ ಹಾಕಿ ಕೊಡತಿಯಿಂದ ಬಡಿದು ಚಪ್ಪಟೆ ಮಾಡೋ ಹುಡುಗನೊಬ್ಬ ಬೇರೆ ಇರುತ್ತಿದ್ದ. ಅವನ ಕೆಲಸದ ಹೆಸರು ಸ್ಯಾಗರ್ ಮೇಕರ್ಸ್ ಬಾಟಮ್ ನಾಕರ್. ಇದನ್ನು ಹೇಳಿ ನಗಿಸದ ಸ್ಟೋಕಿನವರು ಯಾರೂ ಇಲ್ಲ.

ಇಂಥ ಆವಿಗೆಗಳು ಒಂದು ಕಾಲಕ್ಕೆ 2,000ಕ್ಕೂ ಹೆಚ್ಚು ಇದ್ದವು. ಮಧ್ಯಾಹ್ನ ಬೀದಿದೀಪ ಹಚ್ಚಬೇಕು, ಅಷ್ಟು ಹೊಗೆಯಂತೆ. 1956ರಲ್ಲಿ ಶುದ್ಧ ಗಾಳಿಯ ಕಾಯ್ದೆ ಬಂತು, ಗ್ಯಾಸು ಕರೆಂಟಿನ ಒಲೆಗಳು ಬಂದವು, ಒಂದಾದ ಮೇಲೆ ಒಂದು ಉರುಳಿಸಿದರು. ಈಗ ಇರೋದು 50ಕ್ಕೂ ಕಮ್ಮಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತೀವಲ್ಲ, ಇಲ್ಲಿ ದೊಣ್ಣೆ ಮಡಕೆಯನ್ನು ಬಿಟ್ಟು ಆವಿಗೆಗೇ ಬಿತ್ತು. ಗ್ಲ್ಯಾಡ್‌ಸ್ಟನ್ ಕಾರ್ಖಾನೆಯೂ ನೆಲಸಮ ಆಗಬೇಕಿತ್ತು. 1970ರ ದಶಕದಲ್ಲಿ ಕೆಲವರು ಹಟ ಹಿಡಿದು ಉಳಿಸಿ ಮ್ಯೂಸಿಯಂ ಮಾಡಿದರು. ಹೀಗೆ ಕಲ್ಲಿದ್ದಲು ಹಾಕಿ ಕೊನೇ ಸಲ ಸುಟ್ಟಿದ್ದು 1978ರಲ್ಲಿ, ಇದೇ ಲಾಂಗ್ಟನ್ನಿನ ಇನ್ನೊಂದು ಕಾರ್ಖಾನೆಯಲ್ಲಿ, ಇದೇ ಮ್ಯೂಸಿಯಮ್ಮಿನ ಮುತುವರ್ಜಿಯಲ್ಲಿ. ಅಷ್ಟು ಹೊತ್ತಿಗೆ ಅದು ಕಸುಬಾಗಿ ಉಳಿದಿರಲಿಲ್ಲ. ಮರೆಯುವ ಮೊದಲು ಒಮ್ಮೆ ಮಾಡಿ ನೋಡಿ ದಾಖಲು ಮಾಡಿಕೊಳ್ಳೋಣ ಅಂತ ಮಾಡಿದ್ದು.

ಎರಡನೇ ಸಾಲಿನಿಂದ

ಅವತ್ತಿನ ಮಾತು ಪ್ಲೇಸರ್‌ಗಳ ಬಗ್ಗೆ. ಅಂದರೆ ಸ್ಯಾಗರ್ ಹೊತ್ತು ಆವಿಗೆಯೊಳಗೆ ಪೇರಿಸುವವರು. ಪಕ್ಕಾ ಗಂಡಸರ ಕೆಲಸ. ತುಂಬಿದ ಸ್ಯಾಗರ್ ಅರ್ಧ ಮೂಟೆ ಅಕ್ಕಿಯಷ್ಟು ಭಾರ. ಅದನ್ನು ತಲೆ ಮೇಲೆ ಇಟ್ಟುಕೊಂಡು ಏಣಿ ಹತ್ತಬೇಕು. ಮಾತಾಡುತ್ತಿದ್ದವರು ನಿವೃತ್ತ ಮೇಷ್ಟ್ರ ಥರದ ಒಬ್ಬರು. ಒಳ್ಳೆ ತಯಾರಿ ಮಾಡಿಕೊಂಡಿದ್ದರು. 1841ರಲ್ಲಿ ಸ್ಕ್ರಿವೆನ್ ಅನ್ನೋ ಸರ್ಕಾರಿ ಅಧಿಕಾರಿ ಈ ಕಾರ್ಖಾನೆಗಳನ್ನು ಸುತ್ತಿ, ಕೆಲಸ ಮಾಡುವ ಮಕ್ಕಳನ್ನೇ ಮಾತಾಡಿಸಿ ಬರೆದ ವರದಿಯಿಂದ ಶುರು ಮಾಡಿದರು. ಅಚ್ಚಿನ ಮೇಲಿನ ಹಸಿ ತಟ್ಟೆಯನ್ನು ಎತ್ತಿಕೊಂಡು ಒಣಗಿಸುವ ಬಿಸಿ ಕೋಣೆಗೆ ಓಡೋದು, ಖಾಲಿ ಅಚ್ಚು ಹಿಡಿದು ವಾಪಸ್ ಓಡೋದು. ದಿನವಿಡೀ ಅದೇ ಕೆಲಸ ಮಾಡುತ್ತಿದ್ದ ಪುಟ್ಟ ಹುಡುಗರ ಕತೆ ಹೇಳಿದರು. ಸೀಸದ ಮೆರುಗಿನಲ್ಲಿ ಕೈ ಅದ್ದಿ ವಿಷವೇರಿಸಿಕೊಂಡವರು, ಧೂಳು ಕುಡಿದು ಶ್ವಾಸಕೋಶ ಕಲ್ಲಾದವರು, ಎಲ್ಲ ಬಂತು. ಆಮೇಲೆ ಒಂದು ಹಳೇ ಫೋಟೋ ಹಾಕಿದರು. ನಾಲ್ಕು ಜನ ಗಂಡಸರು, ಚಪ್ಪಟೆ ಟೋಪಿ, ತಲೆ ಮೇಲೆ ಸ್ಯಾಗರ್. "ಭಾರ ಒತ್ತದಿರಲಿ ಅಂತ ಟೋಪಿಯೊಳಗೆ ಬಟ್ಟೆಯ ಮೆತ್ತೆ ಇಟ್ಟುಕೊಳ್ಳುತ್ತಿದ್ದರು" ಅಂದರು.

ಆಗ ಬಂದಿದ್ದು ಆ ಮಾತು. "ಬಟ್ಟೆ ಅಲ್ಲ ಡಕ್."

ಮೇಷ್ಟ್ರು ಬೇಜಾರು ಮಾಡಿಕೊಳ್ಳಲಿಲ್ಲ. ಕೈಯಲ್ಲಿದ್ದ ಕಾಗದ ಮೇಜಿನ ಮೇಲಿಟ್ಟು, "ತೋರಿಸ್ತೀರಾ?" ಅಂತ ಕೇಳಿದರು. ಅಜ್ಜ ನಿಧಾನಕ್ಕೆ ಎದ್ದರು. ಸ್ಟಾಕಿಂಗ್ ಎಲ್ಲಿಂದ ಬರಬೇಕು? ಕತ್ತಿನ ಮಫ್ಲರ್ ತೆಗೆದರು. ಎರಡು ಕೈಯಲ್ಲಿ ಹಿಡಿದು ಹುರಿ ಮಾಡಿದರು. ಹುರಿಯನ್ನು ಬಳೆಯ ಹಾಗೆ ಸುತ್ತಿದರು. ತುದಿಯನ್ನು ಒಳಗಿಂದ ತೂರಿಸಿ ಸಿಕ್ಕಿಸಿದರು. ನೆತ್ತಿ ಮೇಲೆ ಇಟ್ಟು, ಸ್ವಲ್ಪ ಮುಂದಕ್ಕೆ ಎಳೆದು, ಮೇಲೆ ಟೋಪಿ ಹಾಕಿಕೊಂಡರು. ಬಟ್ಟೆಯಾದರೆ ಬೆವರಿಗೆ ಗಂಟಾಗಿ ಒತ್ತುತ್ತದೆ, ಸ್ಟಾಕಿಂಗು ಹಾಗಲ್ಲ, ತಲೆಯ ಆಕಾರಕ್ಕೆ ಕೂರುತ್ತದೆ ಅಂದರು. ಹದಿನೈದನೇ ವಯಸ್ಸಿಗೆ ಕೆಲಸಕ್ಕೆ ಸೇರಿದ ದಿನ ಅಮ್ಮ ತನ್ನ ಹಳೇ ಜೋಡಿಯನ್ನೇ ಸುತ್ತಿ ಕೊಟ್ಟಿದ್ದರಂತೆ. ಆವಿಗೆ ಪೂರ್ತಿ ಆರೋಕೆ ಮುಂಚೆಯೇ ಒಳಗೆ ಕಳಿಸಿದ ದಿನಗಳ ಬಗ್ಗೆ ಹೇಳಿದರು. ಅಂಗಿ ಮೇಲೆ ಅಂಗಿ ಹಾಕಿಕೊಂಡು, ಒದ್ದೆ ಬಟ್ಟೆ ಮುಖಕ್ಕೆ ಸುತ್ತಿಕೊಂಡು ನುಗ್ಗೋದಂತೆ. ಹೇಳುತ್ತಾ ಹೇಳುತ್ತಾ ಕತ್ತು ನೆಟ್ಟಗಾಯಿತು, ಬೆನ್ನು ನೆಟ್ಟಗಾಯಿತು. ಎಂಬತ್ತು ದಾಟಿದ ಮನುಷ್ಯ ಖಾಲಿ ಟೋಪಿಯ ಕೆಳಗೆ ಭಾರ ಹೊತ್ತವರ ಹಾಗೆ ನಿಂತಿದ್ದರು.

ನನ್ನ ಬಾಯಿಂದ ಜೋರಾಗೇ ಬಂತು, "ಅಯ್ಯೋ, ಸಿಂಬಿ!" ಪಕ್ಕದ ಕುರ್ಚಿಯಾಕೆ "ಏನಂದ್ರಿ?" ಅಂತ ತಿರುಗಿದರು. ಏನು ಹೇಳಲಿ? ಚಿತ್ರದುರ್ಗದ ಹತ್ತಿರ ಅಜ್ಜಿ ಊರು. ಬೇಸಿಗೆ ರಜೆಗೆ ಹೋದಾಗೆಲ್ಲ ಕುಂಬಾರ ತಾತ ಬರುತ್ತಿದ್ದರು. ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ತಲೆ ಮೇಲೆ ಸಿಂಬಿ, ಸಿಂಬಿ ಮೇಲೆ ಹಗ್ಗದ ಬಲೆಯಲ್ಲಿ ಕಟ್ಟಿದ ಮಡಕೆಗಳ ಗೋಪುರ, ಹೆಗಲಿಗೆ ಕೆಂಪು ಟವೆಲು. ಹೊಸಲು ದಾಟುವಾಗ ಮಂಡಿ ಬಗ್ಗಿಸಿ, ಕತ್ತು ಅಲ್ಲಾಡದ ಹಾಗೆ ಒಳಗೆ ಬರೋರು. ಹಿಂದೆ ಅವರ ಹೆಂಡತಿಯೂ ಇರುತ್ತಿದ್ದರು ಅಂತ ನೆನಪು, ಮುಖ ನೆನಪಿಲ್ಲ. ಅಜ್ಜಿ ಒಂದೊಂದೇ ಮಡಕೆ ಎತ್ತಿ, ಬೆರಳ ಗೆಣ್ಣಿನಲ್ಲಿ ಕುಟ್ಟಿ, ಕಿವಿ ಕೊಟ್ಟು ಕೇಳುತ್ತಿದ್ದಳು. ಟಣ್ ಅಂದರೆ ಒಳಗೆ, ಡಬ್ ಅಂದರೆ ವಾಪಸ್. ಲೆಕ್ಕಕ್ಕೆ ಮೊರದ ತುಂಬ ರಾಗಿ. ಮನೆಯಲ್ಲಿ ಮದುವೆ ಇದ್ದರೆ ಐರಣೆ, ಅಂದರೆ ಮದುವೆ ಶಾಸ್ತ್ರದ ಮಡಕೆಗಳು, ಅವರ ಮನೆಯಿಂದಲೇ ಬರಬೇಕು. ವಾಲಗ ಊದಿಸಿಕೊಂಡು, ಎಲೆ ಅಡಿಕೆ ಕೊಟ್ಟು ತರುತ್ತಿದ್ದೆವು.

ಮಗುಚಿ ನೋಡುವವರು

ಸ್ಟೋಕಿನವರಿಗೆ ಒಂದು ಚಾಳಿ ಇದೆ. ಯಾರ ಮನೆಗೆ ಹೋದರೂ, ಯಾವ ಹೋಟೆಲಿನಲ್ಲಿ ಕೂತರೂ, ತಟ್ಟೆ ಮಗುಚಿ ತಳ ನೋಡುತ್ತಾರೆ. ಯಾವ ಕಾರ್ಖಾನೆಯ ಮುದ್ರೆ ಅಂತ. ಬೇರೆ ಊರಿನದಾದರೆ ಮುಖ ಹುಳ್ಳಗಾಗುತ್ತದೆ. ಮೊದಲು ನಗುತ್ತಿದ್ದೆ, ಈಗ ನಾನೂ ಮಗುಚುತ್ತೇನೆ. ಅವತ್ತು ಟೀ ಹೊತ್ತಿನಲ್ಲಿ ಒಬ್ಬಾಕೆ ಪ್ಲಾಸ್ಟಿಕ್ ಚೀಲದಿಂದ ಒಂದು ತಟ್ಟೆ ತೆಗೆದರು, ಹಳೇ ಟವೆಲಿನಲ್ಲಿ ಸುತ್ತಿದ್ದು. ಹಳದಿ ಹೂವು, ಕೈಯಲ್ಲಿ ಬರೆದಿದ್ದು. ಮಗುಚಿ ತೋರಿಸಿದರು. ನಡುವೆ ದೊಡ್ಡದಾಗಿ ಕಾರ್ಖಾನೆಯ ಹೆಸರು. ಅದರ ಪಕ್ಕ, ಇರುವೆಯಷ್ಟು ದೊಡ್ಡದು, ಒಂದು ಗೆರೆ ಎರಡು ಚುಕ್ಕೆ. "ಇದು ನಮ್ಮಮ್ಮ" ಅಂದರು.

ಬಣ್ಣ ಬರೆಯುವ ಹೆಂಗಸರು ಹಾಗೆ ಗುರುತು ಹಾಕುತ್ತಿದ್ದಿದ್ದು ಹೆಸರಿನ ಆಸೆಗಲ್ಲ. ಕೂಲಿ ಎಣಿಕೆಯ ಲೆಕ್ಕ, ಯಾವ ತಟ್ಟೆ ಯಾರದು ಅಂತ ತಿಳಿಯಬೇಕಲ್ಲ. ಅದಕ್ಕೂ ಹಿಂದೆ, ಹತ್ತೊಂಬತ್ತನೇ ಶತಮಾನದಲ್ಲಿ ಇನ್ನೂ ಅನ್ಯಾಯ. ತಟ್ಟೆ ಮಾಡಿದವನಿಗೆ ಆವಿಗೆಯಿಂದ ಚೆನ್ನಾಗಿ ಹೊರಬಂದ ಮಾಲಿಗೆ ಮಾತ್ರ ದುಡ್ಡು. ಸುಡುವಾಗ ಬೇರೆಯವರ ಕೈಯಲ್ಲಿ ಬಿರುಕು ಬಿಟ್ಟರೂ ನಷ್ಟ ಮಾಡಿದವನದ್ದೇ. ಬಿರುಕು ಹುಡುಕೋ ರೀತಿ ಮಾತ್ರ ನಮ್ಮಜ್ಜಿಯದೇ. ಕುಟ್ಟಿ ಕಿವಿ ಕೊಡೋದು.

ಆ ಒಂದು ಗೆರೆ ಎರಡು ಚುಕ್ಕೆ ಯಾವ ಪುಸ್ತಕದಲ್ಲಾದರೂ ಇದೆಯೋ ಇಲ್ಲವೋ. ಆದರೆ ಆಕೆ ಅದನ್ನು ಚೀಲದಲ್ಲಿ ಹಾಕಿಕೊಂಡು ಮಳೆಯಲ್ಲಿ ತಂದಿದ್ದರು, ಯಾಕೆಂದರೆ ತೋರಿಸೋಕೆ ಒಂದು ಜಾಗ ಇತ್ತು. ಊರು ಇವತ್ತು ಸುಖವಾಗೇನೂ ಇಲ್ಲ. 2005ರಲ್ಲಿ ರಾಯಲ್ ಡೌಲ್ಟನ್‌ನ ಬರ್ಸ್ಲೆಮ್ ಕಾರ್ಖಾನೆ ಮುಚ್ಚಿತು, 2008ರಲ್ಲಿ ಸ್ಪೋಡ್ ಕಂಪನಿ ಮುಳುಗಿತು, ಮರುವರ್ಷ ವೆಜ್‌ವುಡ್ ಕಂಪನಿಯ ಸರದಿ. ಆಮೇಲೆ ಹೆಸರು ಉಳಿದವು, ಕೈಗಳು ಉಳಿಯಲಿಲ್ಲ. ಬೀದಿಯಲ್ಲಿ ಅರ್ಧ ಅಂಗಡಿ ಬಾಗಿಲು ಹಾಕಿವೆ. ಹೀಗಿದ್ದೂ ಶನಿವಾರ ಮೂವತ್ತು ಜನ ಬಂದು ಕೂತು, ಸ್ಟಾಕಿಂಗೋ ಬಟ್ಟೆಯೋ ಅಂತ ಅರ್ಧ ಗಂಟೆ ವಾದ ಮಾಡುತ್ತಾರೆ.

ನಮ್ಮಲ್ಲೂ ಉಪನ್ಯಾಸಕ್ಕೆ ಬರವಿಲ್ಲ. ಪ್ರಾರ್ಥನೆ, ಸ್ವಾಗತ, ದೀಪ ಹಚ್ಚುವಾಗ ಆರುವ ಬೆಂಕಿಕಡ್ಡಿ, ಶಾಲು, ಹಾರ, ಹಣ್ಣಿನ ಬುಟ್ಟಿ. ಇತಿಹಾಸದ ಸರದಿ ಬರುವ ಹೊತ್ತಿಗೆ ಊಟದ ವಾಸನೆ ಬಂದಿರುತ್ತದೆ. 'ಸಮಯದ ಅಭಾವದಿಂದ' ಪ್ರಶ್ನೆಗಳಿರುವುದಿಲ್ಲ. ನಾನು ಕಾಲೇಜಿನಲ್ಲಿದ್ದಾಗ ಕುಶಲ ಕಸುಬುಗಳ ಬಗ್ಗೆ ಅಂಥ ಒಂದು ಕಾರ್ಯಕ್ರಮದಲ್ಲಿ ಸ್ವಾಗತ ಭಾಷಣ ಮಾಡಿದ್ದೆ. ಕುಂಬಾರ ಗುಂಡಯ್ಯನ ಮಡಕೆಯ ತಾಳಕ್ಕೆ ಶಿವನೇ ಕುಣಿದ ಕತೆ ಹೇಳಿ ಚಪ್ಪಾಳೆಯೂ ಗಿಟ್ಟಿಸಿದ್ದೆ. ಅವತ್ತು ತಿಗರಿ ತಿರುಗಿಸಿ ತೋರಿಸೋಕೆ ಕರೆಸಿದ್ದ ಕುಂಬಾರರೊಬ್ಬರು ಹೊರಗೆ ಶಾಮಿಯಾನದ ಕೆಳಗೆ ಕೂತಿದ್ದರು. ಒಳಗೆ ಬನ್ನಿ ಅಂತ ನಾನೂ ಕರೆಯಲಿಲ್ಲ, ಯಾರೂ ಕರೆಯಲಿಲ್ಲ. ಎರಡನೇ ಸಾಲಿನಲ್ಲಿ ಅವರಿದ್ದು, "ಹಂಗಲ್ಲಮ್ಮ" ಅಂದಿದ್ದರೆ ನಾನೇನು ಮಾಡುತ್ತಿದ್ದೆ ಅನ್ನೋದು ಈಗ ಕಾಡುತ್ತದೆ.

ಹೆಂಚಿನ ಮೇಲಿನ ಅಕ್ಷರ

ಮಗುಚಿ ನೋಡೋ ಚಾಳಿ ನನಗೆ ಇಲ್ಲಿಯದಲ್ಲ ಅಂತ ಆಮೇಲೆ ಹೊಳೆಯಿತು. ಅಜ್ಜಿ ಮನೆಯ ಮಾಡಿಗೆ ಮಂಗಳೂರು ಹೆಂಚು. ಮಳೆಗಾಲಕ್ಕೆ ಮುಂಚೆ ಹೆಂಚು ಇಳಿಸಿ ಕೈಯಾಡಿಸುವಾಗ ನಾವು ಮಕ್ಕಳು ಕೆಳಗೆ ನಿಂತು ತೆಗೆದುಕೊಳ್ಳುತ್ತಿದ್ದೆವು. ತಿರುಗಿಸಿದರೆ ಇಂಗ್ಲಿಷಿನಲ್ಲಿ ಉಬ್ಬು ಅಕ್ಷರ, ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಜರ್ಮನ್ ಮಿಷನರಿ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಕಾರ್ಖಾನೆಯದು. ಅಕ್ಷರ ಕೂಡಿಸಿ ಓದೋಕೆ ಬಂದ ವರ್ಷ ನಾನು ಎಷ್ಟು ಜೋರಾಗಿ ಓದಿದ್ದೆನೆಂದರೆ ಮೇಲಿದ್ದ ಮಾವ ಬೆಚ್ಚಿ ಒಂದು ಹೆಂಚು ಕೈಬಿಟ್ಟಿದ್ದ. ಸಾಮಾನಿಗೂ ಊರಿದೆ, ಹೆಸರಿದೆ ಅಂತ ನಾನು ಕಲಿತಿದ್ದು ಆ ಅಂಗಳದಲ್ಲೇ. (ಮೈಸೂರು ಅರಮನೆಯ ಕಲ್ಯಾಣ ಮಂಟಪದ ನೆಲಕ್ಕೆ ಹಾಸಿರೋ ಬಣ್ಣದ ಹಂಚು ಇಂಗ್ಲೆಂಡಿನಿಂದ ಬಂದಿದ್ದು. ಅವನ್ನೂ ಮಗುಚಿ ನೋಡೋ ಆಸೆ ಇದೆ. ಬಿಡಬೇಕಲ್ಲ!)

ಅದೇ ಅಂಗಳಕ್ಕೆ ಕುಂಬಾರ ತಾತನೂ ಬರುತ್ತಿದ್ದರು. ಅವರ ಮಡಕೆ ಮಗುಚಿದರೆ ಬರೀ ದುಂಡು ತಳ, ಮಸಿ. ಹೆಸರಿಲ್ಲ. ಅಜ್ಜಿಗೆ ಬೇಕಿರಲಿಲ್ಲ, ಕತ್ತಿನ ಸುತ್ತಿನ ಗೆರೆ ನೋಡಿ "ಇದು ಅವನ ಕೈಯದ್ದಲ್ಲ" ಅಂತ ಹೇಳಬಲ್ಲವಳಾಗಿದ್ದಳು. ನನಗೆ ಗೆರೆಯೂ ಗೊತ್ತಿಲ್ಲ, ಹೆಸರೂ ಗೊತ್ತಿಲ್ಲ. 1865ರ ಹೆಂಚಿನ ಕಾರ್ಖಾನೆಯ ಹೆಸರು ಗೊತ್ತು, ಹತ್ತು ಬೇಸಿಗೆ ಮನೆಗೆ ಬಂದವರನ್ನು ಕುಂಬಾರ ತಾತ ಅಂತಲೇ ಮುಗಿಸಿಬಿಟ್ಟಿದ್ದೇವೆ. ಜಾತಿಯೇ ಹೆಸರು.

ಆ ರಾತ್ರಿ ಮಾವನಿಗೆ ಫೋನ್ ಮಾಡಿದೆ. "ಯಾರು, ಐರಣೆ ಕೊಡ್ತಿದ್ನಲ್ಲ ಅವನಾ? ಅವನು ಹೋಗಿ ಹದಿನೈದು ವರ್ಷ ಆಯ್ತಲ್ಲೇ" ಅಂದರು. ಹೆಸರು ಅವರಿಗೂ ಬರಲಿಲ್ಲ. ವಾರ ಬಿಟ್ಟು ಮಗನ ನಂಬರ್ ಕಳಿಸಿದರು. ಮಗ ಗೂಡ್ಸ್ ಆಟೋ ಓಡಿಸುತ್ತಾರೆ. ಕೆರೆ ಮಣ್ಣು ಸಿಗೋದು ನಿಂತ ಮೇಲೆ ತಿಗರಿ ಕಟ್ಟಿಟ್ಟರಂತೆ. ನಾನು ಯಾರ ಮನೆಯವಳು ಅಂತ ಹೇಳಿದ ತಕ್ಷಣ ಗುರುತು ಹಿಡಿದರು. "ಹೇಳಿ ಅಕ್ಕ, ಎಷ್ಟು ಬೇಕಿತ್ತು? ಈಗ ನಾವು ಮಾಡಲ್ಲ, ಬೇರೆ ಕಡೆಯಿಂದ ತರಿಸಿಕೊಡ್ತೀನಿ" ಅಂದರು. ಮಡಕೆ ಬೇಡ, ಅಪ್ಪನ ಹೆಸರು ಬೇಕಿತ್ತು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಇಲ್ಲಿ ಬರೆಯಲಾ ಅಂತ ಅವರನ್ನು ಕೇಳಿಲ್ಲ, ಅದಕ್ಕೆ ಬರೆಯುತ್ತಿಲ್ಲ.

ಮಾತಿಗೆ ಮಾತು ಬೆಳೆಯಿತು. ಇಲ್ಲಿಯ ಅಜ್ಜನ ಕತೆ ಹೇಳಿದೆ. ಸ್ಟಾಕಿಂಗಿನ ಸಿಂಬಿ ಅಂದರೆ ನಕ್ಕರು. "ನಿಮ್ಮಪ್ಪನೂ ಹಾಗೇ ಅಲ್ವಾ, ತಲೆ ಮೇಲೆ ಆರೇಳು ಮಡಕೆ ಹೊತ್ತುಕೊಂಡು ನಮ್ಮ ಹೊಸಲು ದಾಟಿ ಬರೋರು" ಅಂದೆ.

"ಇಲ್ಲ ಅಕ್ಕ" ಅಂದರು. "ಅಪ್ಪ ಯಾವತ್ತೂ ತಲೆ ಮೇಲೆ ಹೊತ್ತಿಲ್ಲ. ಕತ್ತು ನೋವು ಅಂತ ಕೈ ಬೀಸ್ಕೊಂಡು ಮುಂದೆ ಬರೋನು. ತಿಗರಿ ಒಂದು ಅವನದು. ಹೊರ್ತಿದ್ದಿದ್ದು ಅವ್ವ."